ಚಳಿ, ಮಳೆ, ಹಿಮದಲ್ಲಿ ಸ್ಪೋರ್ಟ್ಸ್ ಕಾರು: ಟೈರಿನಿಂದ ಶುರುಮಾಡಿ ಉಪ್ಪು ತೊಳೆಯುವವರೆಗೆ

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮವರು ಆಸೆಪಟ್ಟು ಪೋರ್ಷೆ 911 ಕೊಳ್ಳುತ್ತಾರೆ, ಬೇಸಿಗೆಯಿಡೀ ಸೊಗಸಾಗಿ ಓಡಿಸುತ್ತಾರೆ, ನವೆಂಬರ್ ಬಂತೆಂದರೆ "ಹಿಮದಲ್ಲಿ ಇದನ್ನು ಹೇಗೆ ಓಡಿಸೋದು?" ಎಂದು ಕೇಳುತ್ತಾರೆ. ಆದರೆ ಹಿಮ ಬಿದ್ದ ದಿನ ಎಲ್ಲರೂ ತಾವಾಗಿಯೇ ಹುಷಾರಾಗಿರುತ್ತಾರೆ. ಎಡವಟ್ಟಾಗುವುದು ಅದಕ್ಕೂ ಮೊದಲು, ಆಕಾಶ ತಿಳಿಯಾಗಿ ಹೊರಗೆ 4 ಡಿಗ್ರಿ ಇರುವ ಬೆಳಗ್ಗೆ, ರಾತ್ರಿಯ ಮಳೆಗೆ ಒದ್ದೆಯಾದ ರಸ್ತೆಯಲ್ಲಿ, ಬೇಸಿಗೆಯ ಟೈರಿನ ಮೇಲೆ. ರೌಂಡ್‌ಅಬೌಟ್‌ನಿಂದ ಹೊರಬರುವಾಗ ಆಕ್ಸಿಲರೇಟರ್ ಕೊಂಚ ಜಾಸ್ತಿ ಒತ್ತಿದ್ದೇ ತಡ, ಹಿಂಬದಿ ಮುಂದಕ್ಕೆ ಬಂದಿರುತ್ತದೆ.

ಇಲ್ಲಿರುವ ಉದಾಹರಣೆಗಳು 911ರವು, ಕಾನೂನು ಜರ್ಮನಿ ಮತ್ತು ಆಲ್ಪ್ಸ್ ಸೀಮೆಯದು. ಫೆರಾರಿ, ಮೆಕ್ಲಾರೆನ್, ಲಂಬೋರ್ಗಿನಿ ಇರುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ. ಬೇರೆಯಾಗುವ ಕಡೆ ಹೇಳಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಟೈರು ಬದಲಿಸದೆ ಓಡಿಸುವ ಕೌಶಲ ಕಲಿಯಲು ಹೊರಟರೆ ಆ ಕೌಶಲ ಕೈಗೆ ಬರುವುದಿಲ್ಲ.

## ಹಂತ 1: ಕಾಗದಪತ್ರ ನೋಡಿ, ಓಡಿಸಬೇಕೋ ಬೇಡವೋ ತೀರ್ಮಾನಿಸಿ

ಮೊದಲು ನಂಬರ್ ಪ್ಲೇಟ್ ನೋಡಿ. ಜರ್ಮನಿಯಲ್ಲಿ ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗೆ ಸೀಸನ್ ಪ್ಲೇಟ್ ಇರುತ್ತದೆ. ಬಲತುದಿಯಲ್ಲಿ ಮೇಲೆ 04, ಕೆಳಗೆ 10 ಎಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಆ ಕಾರು ರಸ್ತೆಗೆ ಇಳಿಯಬಹುದು. ಉಳಿದ ತಿಂಗಳಲ್ಲಿ ಓಡಿಸುವುದಿರಲಿ, ಸಾರ್ವಜನಿಕ ರಸ್ತೆ ಬದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಗಮನಿಸದೆ ಸಿಕ್ಕಿಬೀಳುತ್ತಾರೆ.

ಆಮೇಲೆ ಟೈರಿನ ಕಾನೂನು. ಜರ್ಮನಿಯಲ್ಲಿ ಇಂತಿಷ್ಟು ತಾರೀಖಿನಿಂದ ಚಳಿಗಾಲದ ಟೈರು ಹಾಕಲೇಬೇಕು ಎಂದಿಲ್ಲ. ರಸ್ತೆಯಲ್ಲಿ ಮಂಜುಗಡ್ಡೆ, ಹಿಮ, ಹಿಮದ ರಾಡಿ ಅಥವಾ ಹೆಪ್ಪುಗಟ್ಟಿದ ಇಬ್ಬನಿ ಇದ್ದರೆ ಕಡ್ಡಾಯ. 2024ರ ಅಕ್ಟೋಬರ್ 1ರಿಂದ ಬರೀ 'ಎಂ+ಎಸ್' (ಕೆಸರು ಮತ್ತು ಹಿಮ) ಗುರುತಿನ ಟೈರು ಸಾಲದು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆ ಟೈರಿನ ಪಕ್ಕದ ಗೋಡೆಯ ಮೇಲೆ ಇರಲೇಬೇಕು. ತಪ್ಪಿದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸ್ ದಾಖಲೆಯಲ್ಲಿ ಒಂದು ಪಾಯಿಂಟ್. ಬೇರೆಯವರ ಸಂಚಾರಕ್ಕೂ ಅಡ್ಡಿಯಾದರೆ 80 ಯೂರೋ. ದಂಡಕ್ಕಿಂತ ದೊಡ್ಡ ಪೆಟ್ಟು ಬೀಳುವುದು ವಿಮೆಯಲ್ಲಿ. ಹಿಮದ ಮೇಲೆ ಬೇಸಿಗೆ ಟೈರಿನಲ್ಲಿ ಗುದ್ದಿದರೆ ಕಂಪನಿ ಪರಿಹಾರದ ಹಣ ಕಡಿತ ಮಾಡುವ ಸಾಧ್ಯತೆ ಇದೆ.

ಗಡಿ ದಾಟುವವರು ಇನ್ನೂ ಎಚ್ಚರವಾಗಿರಬೇಕು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರು ಬೇಕು, ಅದರ ಬಟನ್ ಆಳ (ಟೈರಿನ ಮೇಲ್ಮೈಯ ಸೀಳುಗಳ ಆಳ) ಕನಿಷ್ಠ 4 ಮಿ.ಮೀ. ಇರಬೇಕು. ಜರ್ಮನಿಯಲ್ಲಿ 1.6 ಮಿ.ಮೀ. ಇದ್ದರೂ ಕಾನೂನು ಒಪ್ಪುತ್ತದೆ. ಹಾಗಾಗಿ ಮ್ಯೂನಿಕ್‌ನಲ್ಲಿ ಸರಿಯಿದ್ದ ಟೈರು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ತಪ್ಪಾಗಬಹುದು. ಹಾಗೆಯೇ, ಬೇಸಿಗೆಯಲ್ಲಿ ಓಡಿಸಿ ಖುಷಿಪಟ್ಟ ಸ್ಟೆಲ್ವಿಯೋ, ಗ್ರೋಸ್‌ಗ್ಲಾಕ್ನರ್‌ನಂಥ ಎತ್ತರದ ಘಾಟಿಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ನ್ಯಾವಿಗೇಷನ್ ಏನೇ ತೋರಿಸಲಿ, ದಾರಿ ತೆರೆದಿದೆಯೇ ಎಂದು ಹೊರಡುವ ಮುನ್ನ ನೋಡಿ.

## ಹಂತ 2: ಟೈರು. ಮಿಕ್ಕಿದ್ದೆಲ್ಲ ಆಮೇಲೆ

ಬೇಸಿಗೆಯ ಸ್ಪೋರ್ಟ್ಸ್ ಟೈರಿನ ರಬ್ಬರು ಸುಮಾರು 7 ಡಿಗ್ರಿಯಿಂದ ಕೆಳಗೆ ಗಡಸಾಗತೊಡಗುತ್ತದೆ. ರಸ್ತೆ ಒಣಗಿದ್ದರೂ ಹಿಡಿತ ಕಮ್ಮಿ. ಟ್ರ್ಯಾಕ್‌ಗೆಂದೇ ಮಾಡಿದ ಸೆಮಿ-ಸ್ಲಿಕ್ ಟೈರುಗಳ ಗತಿ ಇನ್ನೂ ಕಷ್ಟ. ಅವನ್ನು ಕಡು ಚಳಿಯಲ್ಲಿ ಉರುಳಿಸಿದರೇ ರಬ್ಬರು ಬಿರುಕು ಬಿಡಬಹುದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಹಾಗಾಗಿ 911ರ ಟ್ರ್ಯಾಕ್ ಬಗೆಯಾದ ಜಿಟಿ3ಯಂಥ ಕಾರನ್ನು ಚಳಿಯಲ್ಲಿ ಗ್ಯಾರೇಜಿನಿಂದ ಹೊರತೆಗೆದು ಒಳಗಿಡುವ ಕೆಲಸವನ್ನೂ ಆ ಟೈರಿನ ಮೇಲೆ ಮಾಡಬೇಡಿ.

ಜರ್ಮನ್ನರಲ್ಲಿ "ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ" ಎಂಬ ರೂಢಿಯಿದೆ. ಅದನ್ನೇ ಪಾಲಿಸಿ. ಮೊದಲ ಹಿಮ ಬೀಳುವವರೆಗೆ ಕಾಯುತ್ತ ಕೂತರೆ ಆ ವಾರ ಟೈರು ಅಂಗಡಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ, ನಿಮ್ಮ ಅಳತೆಯ ಟೈರೂ ಸಿಗುವುದಿಲ್ಲ. 911ರ ಹಿಂಬದಿಗೆ ಬೇಕಾದ 295 ಅಥವಾ 305 ಮಿ.ಮೀ. ಅಗಲದ ಚಳಿಗಾಲದ ಟೈರನ್ನು ಎಲ್ಲ ಅಂಗಡಿಯವರೂ ದಾಸ್ತಾನು ಇಟ್ಟಿರುವುದಿಲ್ಲ. ಸೆಪ್ಟೆಂಬರ್‌ನಲ್ಲೇ ಆರ್ಡರ್ ಕೊಡಿ.

ಕೊಳ್ಳುವಾಗ ನೋಡಬೇಕಾದದ್ದು ಇಷ್ಟು.

ಅಳತೆ. ಕಾರಿನ ಕೈಪಿಡಿಯಲ್ಲಿ ಚಳಿಗಾಲಕ್ಕೆ ಒಪ್ಪಿಗೆಯಿರುವ ಅಳತೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಅತಿ ಸಣ್ಣ ವ್ಯಾಸದ ಚಕ್ರ, ಅತಿ ಕಮ್ಮಿ ಅಗಲದ ಟೈರು ಆರಿಸಿ. ಅಗಲ ಟೈರು ಒಣ ರಸ್ತೆಯಲ್ಲಿ ಚೆನ್ನ. ನೀರು, ರಾಡಿಯ ಮೇಲೆ ಅದು ತೇಲುತ್ತದೆ. ಕಿರಿದಾದದ್ದು ಸೀಳಿಕೊಂಡು ಕೆಳಗಿನ ರಸ್ತೆ ಮುಟ್ಟುತ್ತದೆ. ಸಣ್ಣ ಚಕ್ರಕ್ಕೆ ಟೈರಿನ ಗೋಡೆ ಎತ್ತರ ಇರುವುದರಿಂದ ಚಳಿಗೆ ಕಿತ್ತುಹೋದ ರಸ್ತೆಗುಂಡಿಗೆ ರಿಮ್ಮೂ ಉಳಿಯುತ್ತದೆ. ನೋಟಕ್ಕೆ ಸಪ್ಪೆ ಎನ್ನಿಸುತ್ತದೆ ನಿಜ, ಆದರೂ ಇದರಲ್ಲಿ ರಾಜಿ ಬೇಡ.

ತಯಾರಕರ ಗುರುತು. ಪೋರ್ಷೆ ಪರೀಕ್ಷಿಸಿ ಒಪ್ಪಿದ ಟೈರಿನ ಮೇಲೆ 'ಎನ್' ಅಕ್ಷರ, ಪಕ್ಕದಲ್ಲೊಂದು ಅಂಕಿ ಇರುತ್ತದೆ. ನಾಲ್ಕೂ ಚಕ್ರಕ್ಕೆ ಒಂದೇ ಕಂಪನಿಯ, ಒಂದೇ ಮಾದರಿಯ ಟೈರು ಹಾಕಿ. ಹಿಂದಿನ ಎರಡನ್ನು ಮಾತ್ರ ಬದಲಿಸುವ ಉಳಿತಾಯದ ಯೋಚನೆ ಸುತರಾಂ ಬೇಡ. ಹಿಡಿತ ಹೊಂದದೆ ಹೋದರೆ ಕಾರು ತಿರುವಿನಲ್ಲಿ ಏನು ಮಾಡುತ್ತದೆಂದು ಊಹಿಸಲಾಗುವುದಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಕಾರಾದರೆ ಸುತ್ತಳತೆಯ ವ್ಯತ್ಯಾಸಕ್ಕೆ ಯಂತ್ರಭಾಗವೂ ಹಾಳಾದೀತು.

ವೇಗದ ಮಿತಿ. ಟೈರಿನ ಅಳತೆಯ ಕೊನೆಯ ಅಕ್ಷರ ನೋಡಿ. 'ಎಚ್' ಎಂದರೆ 210, 'ವಿ' ಎಂದರೆ 240, 'ಡಬ್ಲ್ಯು' ಎಂದರೆ 270 ಕಿ.ಮೀ. ಅದು ಕಾರಿನ ಗರಿಷ್ಠ ವೇಗಕ್ಕಿಂತ ಕಮ್ಮಿ ಇದ್ದರೆ ಆ ಅಂಕಿಯ ಸ್ಟಿಕ್ಕರು ಚಾಲಕನ ಕಣ್ಣಿಗೆ ಬೀಳುವಂತೆ ಅಂಟಿಸಿರಬೇಕು. ಆಟೋಬಾನ್‌ನಲ್ಲಿ (ಜರ್ಮನಿಯ ಎಕ್ಸ್‌ಪ್ರೆಸ್‌ವೇ) ವೇಗದ ಮಿತಿ ಇಲ್ಲದ ಕಡೆಯೂ ನಿಮ್ಮ ಮಿತಿ ಆ ಸ್ಟಿಕ್ಕರೇ.

ವಯಸ್ಸು. ಟೈರಿನ ಗೋಡೆಯ ಮೇಲೆ 'ಡಿಒಟಿ' ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3521 ಎಂದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡುವ ಕಾರಿನಲ್ಲಿ ಬಟನ್ ಸವೆಯುವುದಕ್ಕೆ ಮೊದಲೇ ರಬ್ಬರು ಮುದಿಯಾಗುತ್ತದೆ. ಆಳ ಚೆನ್ನಾಗಿದೆ ಎಂದು ಮೋಸಹೋಗಬೇಡಿ. ಆರು ವರ್ಷ ದಾಟಿದ ಚಳಿಗಾಲದ ಟೈರನ್ನು ನಾನು ಒಪ್ಪುವುದಿಲ್ಲ.

ಹಾಕಿದ ಮೇಲೆ ಗಾಳಿ ನೋಡಿ. ಹೊರಗಿನ ತಾಪಮಾನ 10 ಡಿಗ್ರಿ ಇಳಿದರೆ ಒತ್ತಡ ಹೆಚ್ಚುಕಮ್ಮಿ 0.1 ಬಾರ್ ಇಳಿಯುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಸರಿಯಾಗಿ ತುಂಬಿಸಿದ್ದು ಹೊರಗೆ ಮೈನಸ್ 5ರಲ್ಲಿ ಕಮ್ಮಿಯಾಗಿರುತ್ತದೆ. ಹಾಗಾಗಿ ಕಾರು ರಾತ್ರಿಯಿಡೀ ನಿಲ್ಲುವ ಚಳಿಯಲ್ಲೇ, ಓಡಿಸುವ ಮೊದಲು ಅಳೆಯಿರಿ. 911ರ ಟೈರು ಮೆನುವಿನಲ್ಲಿ ಬೇಸಿಗೆ, ಚಳಿಗಾಲ ಎಂದು ಆಯ್ಕೆ ಇದೆ. ಅದನ್ನು ಬದಲಿಸಲು ಮರೆತರೆ ಕಾರು ಹಳೆಯ ಲೆಕ್ಕದ ಪ್ರಕಾರವೇ ಎಚ್ಚರಿಕೆ ಕೊಡುತ್ತಿರುತ್ತದೆ.

## ಹಂತ 3: ಕಾರಿನಲ್ಲಿ ಇರಬೇಕಾದ ಸಾಮಾನು

ಗಾಳಿ ಅಳೆಯುವ ಗೇಜ್, ಬಟನ್ ಆಳ ಅಳೆಯುವ ಗೇಜ್, ಮೆತ್ತನೆ ಕೂದಲಿನ ಹಿಮದ ಬ್ರಷ್, ಗಾಜಿನ ಮಂಜುಗಡ್ಡೆ ಕರಗಿಸುವ ಸ್ಪ್ರೇ, ಮಡಚುವ ಸಲಿಕೆ, ನೀರು ತಾಗದ ಕೈಗವಸು, ಟಾರ್ಚ್, ಒಂದು ಕಂಬಳಿ, ಫೋನ್ ಚಾರ್ಜರ್. ಪ್ರತಿಫಲಿಸುವ ಜಾಕೆಟ್, ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಾನೂನಿನ ಪ್ರಕಾರ ಹೇಗೂ ಇರಲೇಬೇಕು.

ಈ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಚರ್ ದ್ರಾವಣ ಮತ್ತು ಪುಟ್ಟ ಕಂಪ್ರೆಸರ್ ಇರುತ್ತದೆ. ದ್ರಾವಣದ ಬಾಟಲಿಯ ಮೇಲಿನ ಕೊನೆಯ ತಾರೀಖು ನೋಡಿಕೊಳ್ಳಿ. ಜಿಟಿ3, ಟರ್ಬೋ ಎಸ್‌ನಂತೆ ಚಕ್ರದ ನಡುವೆ ಒಂದೇ ನಟ್ ಇರುವ ಕಾರಾದರೆ ರಸ್ತೆ ಬದಿಯಲ್ಲಿ ಚಕ್ರ ಬಿಚ್ಚುವ ಮಾತೇ ಇಲ್ಲ. ಆ ನಟ್‌ಗೆ ಬೇಕಾದ ಬಿಗಿ ಸುಮಾರು 600 ನ್ಯೂಟನ್ ಮೀಟರ್. ಅದಕ್ಕೆ ಬೇರೆ ಸಾಕೆಟ್, ಉದ್ದನೆಯ ಟಾರ್ಕ್ ರೆಂಚ್, ಇನ್ನೊಬ್ಬರ ಸಹಾಯ ಬೇಕು. ಐದು ಬೋಲ್ಟಿನ 911ಕ್ಕೆ ತಲಾ 160 ನ್ಯೂಟನ್ ಮೀಟರ್, ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಎಳೆಯುವ ಕೊಂಡಿ ಟೂಲ್ ಕಿಟ್‌ನಲ್ಲಿ ಇದೆಯೇ ಎಂದು ಇವತ್ತೇ ತೆರೆದು ನೋಡಿ. ಹಳೆಯ ಮಾಲೀಕರು ಅದನ್ನು ತೆಗೆದಿಟ್ಟು ಮರೆತಿರಬಹುದು. ಕೊಂಡಿ ಇಲ್ಲದಿದ್ದರೆ ಟೋಯಿಂಗ್‌ನವರು ಬಂದರೂ ಹಗ್ಗ ಕಟ್ಟಲು ಜಾಗವಿರುವುದಿಲ್ಲ.

## ಹಂತ 4: ಬ್ಯಾಟರಿ

ವಾರಕ್ಕೊಮ್ಮೆ ಹೊರಗೆ ಬರುವ ಕಾರಿನ ಬ್ಯಾಟರಿ ಚಳಿಯಲ್ಲಿ ಮೊದಲು ಸೋಲುತ್ತದೆ. ಬ್ಯಾಟರಿ ಮೇಂಟೇನರ್ (ನಿಂತ ಕಾರಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಚಾರ್ಜರ್) ಒಂದನ್ನು ಕೊಂಡು, ನಿಂತಾಗಲೆಲ್ಲ ಚುಚ್ಚಿಡಿ. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ ಇರುತ್ತದೆ. ಅದಕ್ಕೆ ಮಾಮೂಲಿ ಚಾರ್ಜರ್ ಹಾಕಬೇಡಿ, ಲಿಥಿಯಂಗೆ ಹೊಂದುವಂಥದ್ದೇ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಆ ಬ್ಯಾಟರಿ ಕೆಡುತ್ತದೆ.

911ರಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಇನ್ನೊಂದು ಪೇಚು ಎದುರಾಗುತ್ತದೆ. ಎಂಜಿನ್ ಹಿಂಬದಿಯಲ್ಲಿರುವ ಈ ಕಾರಿನ ಮುಂದಿನ ಡಿಕ್ಕಿಯ ಲಾಕ್ ವಿದ್ಯುತ್ತಿನದು, ಬ್ಯಾಟರಿ ಇರುವುದು ಆ ಮುಚ್ಚಳದ ಅಡಿಯಲ್ಲೇ. ಇದಕ್ಕೆಂದೇ ಈಚಿನ ಮಾದರಿಗಳಲ್ಲಿ ಕಾಲಿಡುವ ಜಾಗದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆಳೆಯಬಹುದಾದ ಒಂದು ಪ್ಲಸ್ ಕಡ್ಡಿ ಇದೆ. ಇನ್ನೊಂದು ಬ್ಯಾಟರಿಯ ಪ್ಲಸ್ ಅನ್ನು ಅದಕ್ಕೆ, ಮೈನಸ್ ಅನ್ನು ಬಾಗಿಲಿನ ಲಾಕ್ ಕೂರುವ ಲೋಹದ ಕೊಂಡಿಗೆ ಹಿಡಿದು, ಕೀಲಿಯಿಂದ ಮುಚ್ಚಳ ತೆರೆಯಬೇಕು. ಇದು ಮುಚ್ಚಳ ತೆರೆಯಲು ಮಾತ್ರ, ಎಂಜಿನ್ ಸ್ಟಾರ್ಟ್ ಮಾಡಲು ಅಲ್ಲ. ಕೈಪಿಡಿಯ ಆ ಪುಟದ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಕೈಪಿಡಿ ಕಾರಿನೊಳಗೇ ಲಾಕ್ ಆಗಿದ್ದರೆ ಓದುವುದಾದರೂ ಹೇಗೆ?

## ಹಂತ 5: ರೇಡಿಯೇಟರ್, ದ್ರವ, ರಬ್ಬರು

911ರ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ. ಟಾರ್ಚ್ ಹಿಡಿದು ಮಂಡಿಯೂರಿ ಆ ಗಾಳಿಕಿಂಡಿಯೊಳಗೆ ನೋಡಿ. ಅಕ್ಟೋಬರ್ ಕೊನೆಯ ಹೊತ್ತಿಗೆ ಅಲ್ಲಿ ಒದ್ದೆ ಎಲೆ, ಸಿಗರೇಟಿನ ತುಂಡು, ಮರಳು ಒತ್ತಿಕೊಂಡು ಕಪ್ಪು ಮುದ್ದೆಯಾಗಿ ಕೂತಿರುತ್ತದೆ. ಅದರ ಮೇಲೆ ರಸ್ತೆಯ ಉಪ್ಪುನೀರು ಬಿದ್ದು ಒಣಗದೆ ಉಳಿದರೆ ಎಸಿಯ ಕಂಡೆನ್ಸರ್, ರೇಡಿಯೇಟರಿನ ತೆಳು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಂಪರ್ ಬಿಚ್ಚಿಸಿ ತೆಗೆಸುವುದು ಉತ್ತಮ. ಆಗದಿದ್ದರೆ ವ್ಯಾಕ್ಯೂಮ್ ಕ್ಲೀನರಿನ ಸಪೂರ ಕೊಳವೆ ಹಾಕಿ ಎಳೆಯಿರಿ. ಪ್ರೆಶರ್ ವಾಶರ್ ಮಾತ್ರ ಹತ್ತಿರದಿಂದ ಹಿಡಿಯಬೇಡಿ, ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಚಳಿಗಾಲದ ತಯಾರಿಯಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ, ಬಿಲ್ಲು ದೊಡ್ಡದಾಗಿ ಬರುವುದೂ ಇದರಿಂದಲೇ.

ಗಾಜು ತೊಳೆಯುವ ನೀರಿನ ಜಾಗಕ್ಕೆ ಮೈನಸ್ 20ರವರೆಗೆ ಹೆಪ್ಪುಗಟ್ಟದ ದ್ರವ ತುಂಬಿಸಿ, ಕೊಳವೆಯೊಳಗೂ ಅದೇ ಬರುವವರೆಗೆ ಒಮ್ಮೆ ಚಿಮ್ಮಿಸಿ. ಕೂಲೆಂಟಿನ ಹೆಪ್ಪುಗಟ್ಟುವ ಮಟ್ಟವನ್ನು ವರ್ಕ್‌ಶಾಪಿನಲ್ಲಿ ನೋಡಿಸಿ.

ಬಾಗಿಲಿನ ರಬ್ಬರ್ ಅಂಚುಗಳಿಗೆ ಸಿಲಿಕೋನ್ ಕಡ್ಡಿ ಸವರಿ. ಇದಕ್ಕೆ ಕಾರಣವಿದೆ. ಈ ಕಾರುಗಳ ಕಿಟಕಿಗೆ ಚೌಕಟ್ಟು ಇರುವುದಿಲ್ಲ. ಹಿಡಿ ಎಳೆದಾಗ ಗಾಜು ಕೆಲವು ಮಿ.ಮೀ. ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ಮಂಜುಗಡ್ಡೆ ಹಿಡಿದಿದ್ದರೆ ಗಾಜು ಇಳಿಯುವುದಿಲ್ಲ. ಆಗ ಬಲವಂತವಾಗಿ ಎಳೆದರೆ ರಬ್ಬರು ಹರಿಯುತ್ತದೆ, ಇಲ್ಲವೇ ಗಾಜು ಇಳಿಸುವ ಯಂತ್ರ ಕೆಡುತ್ತದೆ.

## ಹಂತ 6: ಹೊರಡುವ ಬೆಳಗ್ಗೆ

ಮೊದಲು ಬಾಗಿಲಿನ ಅಂಚಿಗೆ ಸ್ಪ್ರೇ ಹೊಡೆದು ಒಂದೆರಡು ನಿಮಿಷ ಬಿಡಿ. ಅಷ್ಟರಲ್ಲಿ ಚಾವಣಿ, ಬಾನೆಟ್, ದೀಪಗಳ ಹಿಮ ಬ್ರಷ್‌ನಿಂದ ತೆಗೆಯಿರಿ. ಕಾರಿನ ಮೈಯನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಮುಟ್ಟಬೇಡಿ. ಗಾಜಿಗೆ ಬಿಸಿನೀರು ಸುರಿಯಲೇಬೇಡಿ, ಸೀಳುತ್ತದೆ. ಹಿಂದಿನ ಸ್ಪಾಯ್ಲರ್ ಮೇಲೆ, ಎಂಜಿನ್ ಮುಚ್ಚಳದ ಜಾಲರಿಯಲ್ಲಿ ಹಿಮ ಉಳಿದಿದ್ದರೆ ಅದನ್ನೂ ತೆಗೆಯಿರಿ. ಬಟ್ಟೆಯ ಚಾವಣಿಯ ಕಾರಾದರೆ ಹೆಪ್ಪುಗಟ್ಟಿರುವಾಗ ಚಾವಣಿ ಮಡಚಲು ಹೋಗಬೇಡಿ.

ನಿಂತಲ್ಲೇ ಎಂಜಿನ್ ಬಿಸಿಮಾಡಬೇಡಿ. ಜರ್ಮನಿಯಲ್ಲಿ ಅದಕ್ಕೆ ದಂಡವಿದೆ. ಎಂಜಿನ್ನಿಗೂ ಒಳ್ಳೆಯದಲ್ಲ. ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟ್ ಹಾಕಿಕೊಂಡು, ಗಾಜು ಪೂರ್ತಿ ಸ್ವಚ್ಛವಿದ್ದರೆ ಹೊರಡಿ.

ಗ್ಯಾರೇಜಿನ ಬಾಯಲ್ಲಿ ಹಿಮ ತಳ್ಳುವ ಯಂತ್ರ ಬಿಟ್ಟುಹೋದ ದಿಬ್ಬ ಇರುತ್ತದೆ. 911ರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಹತ್ತು ಹನ್ನೆರಡು ಸೆಂ.ಮೀ. ಅಷ್ಟೆ. ಮುಂಭಾಗ ಎತ್ತುವ ಸೌಲಭ್ಯವಿದ್ದರೆ ಸುಮಾರು 4 ಸೆಂ.ಮೀ. ಸಿಗುತ್ತದೆ, ಆದರೆ ಮೂಗಿಗೆ ಮಾತ್ರ. ರಾತ್ರಿ ಹೆಪ್ಪುಗಟ್ಟಿದ ದಿಬ್ಬ ಮೆತ್ತಗೆ ಕಾಣುತ್ತದೆ, ಬಂಪರ್ ತಾಗಿದಾಗ ಕಲ್ಲು. ಇಳಿದು ಸಲಿಕೆಯಿಂದ ತೆಗೆದು ಹೋಗಿ.

## ಹಂತ 7: ಮೊದಲ ಹದಿನೈದು ನಿಮಿಷ

ಎಂಜಿನ್ ಎಣ್ಣೆ 80 ಡಿಗ್ರಿ ಮುಟ್ಟುವವರೆಗೆ 3,000 ಆರ್‌ಪಿಎಂ ದಾಟಬೇಡಿ. ಕೂಲೆಂಟಿನ ಮುಳ್ಳು ಬೇಗ ಏರುತ್ತದೆ, ಅದನ್ನು ನಂಬಬೇಡಿ. ಎಣ್ಣೆಯ ಮುಳ್ಳು ನೋಡಿ. ಆ ಹೊತ್ತಿನಲ್ಲಿ ಗೇರ್‌ಬಾಕ್ಸ್, ಟೈರು, ಬ್ರೇಕ್ ಯಾವುದೂ ಬೆಚ್ಚಗಾಗಿರುವುದಿಲ್ಲ.

ಬ್ರೇಕನ್ನು ಮೊದಲೇ ಪರೀಕ್ಷಿಸಿ. ಹಿಂದೆ ಯಾರೂ ಇಲ್ಲದಾಗ, ನೇರ ರಸ್ತೆಯಲ್ಲಿ, 30–40 ಕಿ.ಮೀ. ವೇಗದಲ್ಲಿ ಒಮ್ಮೆ ಹದವಾಗಿ ಒತ್ತಿ. ಉಪ್ಪುನೀರು ಡಿಸ್ಕ್ ಮೇಲೆ ಪದರ ಕಟ್ಟಿರುವಾಗ ಮೊದಲ ಒತ್ತಿಗೆ ಹಿಡಿತ ತಡವಾಗಿ ಬರುತ್ತದೆ. ಸೆರಾಮಿಕ್ ಡಿಸ್ಕ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಒದ್ದೆಯಾಗಿ ತಣ್ಣಗಿರುವಾಗ ಅದಕ್ಕೂ ಇದೇ ತೊಂದರೆ. ಆಟೋಬಾನ್‌ನಲ್ಲಿ ಮಳೆಯಲ್ಲಿ ಬ್ರೇಕ್ ಮುಟ್ಟದೆ ಬಹಳ ದೂರ ಹೋದಾಗ ನಡುನಡುವೆ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ. ಇದೇ ಪರೀಕ್ಷೆ ರಸ್ತೆಯ ಹಿಡಿತ ಎಷ್ಟಿದೆ ಎಂಬುದನ್ನೂ ಹೇಳಿಬಿಡುತ್ತದೆ. ಹಗುರ ಒತ್ತಿಗೇ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಾಲಿನ ಅಡಿ ಮಿಡಿದರೆ, ಇವತ್ತಿನ ರಸ್ತೆ ಅಂಥದ್ದು.

## ಹಂತ 8: ಒದ್ದೆ, ತಣ್ಣನೆಯ ರಸ್ತೆಯಲ್ಲಿ ಓಡಿಸುವ ರೀತಿ

ಸ್ಪೋರ್ಟ್ ಮೋಡ್ ಬೇಡ. 2019ರ ನಂತರದ 992 ಮಾದರಿಯ 911ರಲ್ಲಿ ಮುಂದಿನ ಚಕ್ರದ ಗೂಡಿನೊಳಗೆ ನೀರು ಸಿಡಿಯುವ ಸದ್ದನ್ನು ಆಲಿಸುವ ಸೆನ್ಸರ್‌ಗಳಿವೆ. ರಸ್ತೆ ಒದ್ದೆ ಎಂದು ಅವು ಪತ್ತೆಹಚ್ಚಿದರೆ ಪರದೆಯ ಮೇಲೆ ಸೂಚನೆ ಬರುತ್ತದೆ. ವೆಟ್ ಮೋಡ್‌ಗೆ ಬದಲಿಸಬೇಕಾದವರು ಮಾತ್ರ ನೀವೇ. ತಾನಾಗಿಯೇ ಬದಲಾಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ, ಹಾಗಿಲ್ಲ. ಆ ಮೋಡ್‌ನಲ್ಲಿ ಆಕ್ಸಿಲರೇಟರ್ ಮೆತ್ತಗಾಗುತ್ತದೆ, ಜಾರುವಿಕೆ ತಡೆಯುವ ವ್ಯವಸ್ಥೆ ಬೇಗ ಎಚ್ಚರವಾಗುತ್ತದೆ.

ಸ್ಟೇರಿಂಗ್, ಬ್ರೇಕ್, ಆಕ್ಸಿಲರೇಟರ್, ಮೂರನ್ನೂ ಒಟ್ಟಿಗೆ ಬಳಸಬೇಡಿ. ನೇರದಲ್ಲಿ ಬ್ರೇಕ್ ಮುಗಿಸಿ, ಬಿಟ್ಟು, ತಿರುಗಿಸಿ, ಸ್ಟೇರಿಂಗ್ ನೇರವಾಗುತ್ತಾ ಬಂದಂತೆ ನಿಧಾನಕ್ಕೆ ಆಕ್ಸಿಲರೇಟರ್ ಕೊಡಿ. ಆಷಾಢದಲ್ಲಿ ಮಲೆನಾಡಿನ ಪಾಚಿಗಟ್ಟಿದ ಅಂಗಳದಲ್ಲಿ ನಡೆಯುವವರು ಹೆಜ್ಜೆ ಊರಿ ಭಾರ ಬಿಡುತ್ತಾರಲ್ಲ, ಆ ಹದ ಪಾದಕ್ಕೆ ಬರಬೇಕು.

911ರ ಭಾರದಲ್ಲಿ ಶೇ. 60ಕ್ಕೂ ಹೆಚ್ಚು ಹಿಂದಿನ ಚಕ್ರದ ಮೇಲಿದೆ. ಇದರಿಂದ ಹೊರಡುವಾಗ ಹಿಡಿತ ಚೆನ್ನಾಗಿ ಸಿಗುತ್ತದೆ. ತಿರುವಿಗೆ ಜೋರಾಗಿ ಹೋದರೆ ಹಗುರವಾದ ಮೂಗು ನೇರಕ್ಕೆ ಜಾರುತ್ತದೆ. ಗಾಬರಿಯಾಗಿ ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ಭಾರ ಮುಂದಕ್ಕೆ ಬಂದು, ಹಿಂಬದಿ ಹೊರಕ್ಕೆ ಬೀಸುತ್ತದೆ. ತಿರುವಿನ ನಡುವೆ ಕಾಲು ಕೀಳಬೇಡಿ ಎನ್ನುವುದು ಇದಕ್ಕೇ. ಫೆರಾರಿ, ಮೆಕ್ಲಾರೆನ್‌ನಂಥ ನಡು-ಎಂಜಿನ್ ಕಾರುಗಳು ಹೆಚ್ಚು ಹೊತ್ತು ಸಮತೋಲದಲ್ಲಿ ಇರುತ್ತವೆ, ಆದರೆ ಒಮ್ಮೆ ತಿರುಗಲು ಶುರುವಾದರೆ ಬುಗುರಿಯ ವೇಗ. ಅಲ್ಲಿ ಎಚ್ಚರಿಕೆಯ ಸಮಯವೇ ಕಮ್ಮಿ. ಲಂಬೋರ್ಗಿನಿ ಹುರಾಕಾನ್, 911 ಕರೇರಾ 4ರಂತೆ ನಾಲ್ಕು ಚಕ್ರಕ್ಕೂ ಬಲ ಹೋಗುವ ಕಾರುಗಳು ಚೆನ್ನಾಗಿ ಹೊರಡುತ್ತವೆ, ಏರು ಹತ್ತುತ್ತವೆ. ನಿಲ್ಲುವುದೂ ತಿರುಗುವುದೂ ಮಾತ್ರ ಟೈರಿನ ಹಿಡಿತದಷ್ಟೇ.

ಗೇರ್ ಇಳಿಸುವಾಗ ಜಾಗ್ರತೆ. ದಬಕ್ಕನೆ ಎರಡು ಗೇರ್ ಇಳಿಸಿದರೆ ಎಂಜಿನ್ ಎಳೆತಕ್ಕೆ ಹಿಂದಿನ ಚಕ್ರ ಲಾಕ್ ಆದಂತೆ ಜಾರಬಹುದು.

ಮುಂದಿನ ವಾಹನದ ಅಂತರಕ್ಕೆ ಜರ್ಮನಿಯಲ್ಲಿ ಹೇಳಿಕೊಡುವ ಲೆಕ್ಕ: ಒಣ ರಸ್ತೆಯಲ್ಲಿ ಸ್ಪೀಡೋಮೀಟರಿನ ಅಂಕಿಯ ಅರ್ಧದಷ್ಟು ಮೀಟರ್. 100ರಲ್ಲಿ 50 ಮೀಟರ್. ಒದ್ದೆಯಲ್ಲಿ ಪೂರ್ತಿ ಅಂಕಿ, ಹಿಮದಲ್ಲಿ ಅದಕ್ಕೂ ಹೆಚ್ಚು.

ಡ್ಯಾಶ್‌ಬೋರ್ಡಿನಲ್ಲಿ 4 ಡಿಗ್ರಿ ಕಂಡಾಗ ಸೇತುವೆ, ಕಾಡಿನ ನೆರಳು, ಕಣಿವೆಯ ತಗ್ಗು ಇವುಗಳ ಮೇಲೆ ಕಣ್ಣಿಡಿ. ಸೇತುವೆಗೆ ಕೆಳಗಿನಿಂದಲೂ ಗಾಳಿ ಬಡಿಯುವುದರಿಂದ ಅದು ಮೊದಲು ಹೆಪ್ಪುಗಟ್ಟುತ್ತದೆ. ರಸ್ತೆ ಒದ್ದೆಯಾಗಿ ಕಾಣುತ್ತಿದೆ, ಆದರೆ ಮುಂದಿನ ಕಾರಿನ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಎಂದರೆ ಅದು ನೀರಲ್ಲ, ಮಂಜುಗಡ್ಡೆ.

## ಹಂತ 9: ಹಿಮ, ರಾಡಿ, ಏರುದಾರಿ

ಮ್ಯಾನ್ಯುವಲ್ ಗೇರ್ ಆದರೆ ಎರಡನೆಯದರಲ್ಲಿ ಹೊರಡಿ. ಏರಿನ ನಡುವೆ ನಿಲ್ಲಬೇಡಿ. ಮುಂದಿನವರು ಮೇಲೆ ಮುಟ್ಟುವವರೆಗೆ ಕೆಳಗೇ ಕಾದು ಒಂದೇ ಹದದಲ್ಲಿ ಹತ್ತಿ.

ಆಟೋಬಾನ್‌ನಲ್ಲಿ ಲೇನ್ ಬದಲಿಸುವುದೇ ಹಿಮದ ದಿನದ ದೊಡ್ಡ ಅಪಾಯ. ಲಾರಿಗಳು ಓಡಿದ ಲೇನ್ ಕರಗಿ ಕಪ್ಪಾಗಿರುತ್ತದೆ. ಎರಡು ಲೇನ್‌ಗಳ ನಡುವೆ ಮೊಣಕಾಲಿಗಿಂತ ಕೆಳಗೆ, ಬೂದು ಬಣ್ಣದ ರಾಡಿಯ ದಿಬ್ಬ ಉದ್ದಕ್ಕೂ ಬಿದ್ದಿರುತ್ತದೆ. ಓವರ್‌ಟೇಕ್ ಮಾಡಲು ಅದನ್ನು ಓರೆಯಾಗಿ ದಾಟುವಾಗ ಮುಂದಿನ ಅಗಲ ಟೈರು ಮೇಲೆ ತೇಲುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಒಂದು ಕ್ಷಣ ಬಿಟ್ಟು ಹಿಂದಿನ ಇನ್ನೂ ಅಗಲವಾದ ಟೈರು ತೇಲುತ್ತದೆ. ಆಗ ಕಾಲು ಆಕ್ಸಿಲರೇಟರ್ ಮೇಲಿದ್ದರೆ ಕಾರು ತಿರುಗಿಬೀಳುತ್ತದೆ. ಲಾರಿಯ ಹಿಂದೆ 80ರಲ್ಲಿ ಹೋಗುವುದೇ ಸರಿಯಾದ ನಿರ್ಧಾರ. ದಾಟಲೇಬೇಕಾದರೆ ಮೊದಲೇ ವೇಗ ಇಳಿಸಿ, ಆಕ್ಸಿಲರೇಟರ್ ಹೆಚ್ಚಿಸದೆ ಕಮ್ಮಿ ಮಾಡದೆ, ಬಹಳ ಸಣ್ಣ ಕೋನದಲ್ಲಿ ದಾಟಿ.

ಚೈನು ಬೇಕಾಗುವ ದಾರಿ ಇದ್ದರೆ ಮೊದಲು ಕೈಪಿಡಿ ನೋಡಿ. ಸ್ಪೋರ್ಟ್ಸ್ ಕಾರಿನ ಚಕ್ರಗೂಡಿನಲ್ಲಿ ಜಾಗ ಕಮ್ಮಿ, ಎಲ್ಲ ಟೈರು ಅಳತೆಗೂ ಚೈನಿಗೆ ಒಪ್ಪಿಗೆ ಇರುವುದಿಲ್ಲ. 911ಕ್ಕೆ ಹಿಂದಿನ ಚಕ್ರಕ್ಕೆ ಮಾತ್ರ. ಒಮ್ಮೆ ಮನೆಯಂಗಳದಲ್ಲಿ ಹಗಲು ಹೊತ್ತು ಹಾಕಿ ಅಭ್ಯಾಸ ಮಾಡಿ. ಚೈನು ಹಾಕಿದ ಮೇಲೆ ಗರಿಷ್ಠ ವೇಗ 50 ಕಿ.ಮೀ.

ಚಕ್ರದ ಜಾಡುಗಳ ನಡುವಿನ ಹಿಮ ಹೊಟ್ಟೆಗೆ ಕೆರೆಯುವ ಸದ್ದು ಕೇಳಿಸಿತೋ, ಅಲ್ಲಿಗೆ ಹಿಂದಿರುಗಿ. ಇನ್ನೂ ಮುಂದೆ ಹೋದರೆ ಕಾರು ಹೊಟ್ಟೆಯ ಮೇಲೆ ಕೂರುತ್ತದೆ, ಚಕ್ರ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಕಾಲು ಒತ್ತಿದಷ್ಟೂ ಕೆಳಗೆ ಹೊಳಪಾದ ಗುಂಡಿ ಆಗುತ್ತದೆ. ಆಳ ಹಿಮದಿಂದ ಹೊರಬರುವಾಗ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಬಹುದು. ಹೊರಬಂದ ಕೂಡಲೇ ಮತ್ತೆ ಹಾಕಿ.

## ಹಂತ 10: ಜೋರು ಮಳೆ, ನಿಂತ ನೀರು, ದಟ್ಟ ಮಂಜು

ನೀರಿನ ಮೇಲೆ ಟೈರು ತೇಲುವುದಕ್ಕೆ ಮುಂಚೆ ಸೂಚನೆಗಳು ಬರುತ್ತವೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಚಕ್ರಗೂಡಿಗೆ ನೀರು ಬಡಿಯುವ ಸದ್ದು ಬದಲಾಗುತ್ತದೆ. ವೇಗ ಏರದೆ ಆರ್‌ಪಿಎಂ ಮಾತ್ರ ಏರುತ್ತದೆ. ಮುಂದಿನ ಕಾರಿನ ಟೈರಿನ ಜಾಡು ತಕ್ಷಣ ನೀರಿನಲ್ಲಿ ಮುಚ್ಚಿಹೋಗುತ್ತಿದ್ದರೆ ನೀರು ಆಳವಾಗಿದೆ ಎಂದರ್ಥ. ಆಗ ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ, ಸ್ಟೇರಿಂಗ್ ನೇರವಾಗಿ ಹಿಡಿಯಿರಿ, ಬ್ರೇಕ್ ಬೇಡ. ಲಾರಿಗಳು ಒತ್ತಿ ಮಾಡಿದ ಎರಡು ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಅದನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ಓಡಿಸಿ.

ಆಳ ಗೊತ್ತಿಲ್ಲದ ನೀರಿಗೆ ಇಳಿಯಬೇಡಿ. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರಿಗೂ ಈ ಮಾತು ಅಷ್ಟೇ ಮುಖ್ಯ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನ ಮಳೆನೀರಿನಲ್ಲಿ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ಜೀವ ಕಳೆದುಕೊಂಡರು. ತಗ್ಗಾದ ಸ್ಪೋರ್ಟ್ಸ್ ಕಾರಿನಲ್ಲಿ ನೀರು ಬಾಗಿಲಿನ ಹೊಸ್ತಿಲು ಮುಟ್ಟಲು ಹೆಚ್ಚು ಹೊತ್ತು ಬೇಡ, ಎಂಜಿನ್ ಒಮ್ಮೆ ನೀರು ಕುಡಿದರೆ ಅದರ ಕಥೆ ಮುಗಿಯಿತು. ಹಿಂದಕ್ಕೆ ತೆಗೆದುಕೊಂಡು ಬೇರೆ ದಾರಿ ಹಿಡಿಯಿರಿ.

ಮಂಜಿನಲ್ಲಿ ಅಂತರ ಅಳೆಯಲು ಜರ್ಮನ್ ಹೆದ್ದಾರಿಯ ಬದಿಯ ಕಪ್ಪು-ಬಿಳಿ ಕಂಬಗಳು ನೆರವಾಗುತ್ತವೆ. ಅವು 50 ಮೀಟರಿಗೊಂದು ಇರುತ್ತವೆ. ಮುಂದಿನ ಕಂಬ ಕಾಣದಿದ್ದರೆ ಗರಿಷ್ಠ ವೇಗ 50 ಕಿ.ಮೀ. ಹಿಂದಿನ ಕೆಂಪು ಮಂಜುದೀಪ ಹಾಕಲು ಅನುಮತಿ ಇರುವುದೂ ಮಂಜಿನಿಂದಾಗಿ ಅಷ್ಟು ದೂರ ಕಾಣದಿದ್ದಾಗ ಮಾತ್ರ. ತಗ್ಗು ಕಾರು ಬೇರೆಯವರ ಕನ್ನಡಿಯಲ್ಲಿ ತಡವಾಗಿ ಕಾಣುತ್ತದೆ, ಹಾಗಾಗಿ ಹಗಲಲ್ಲೂ ಹೆಡ್‌ಲೈಟ್ ನೀವೇ ಹಾಕಿ. ಹಗಲುದೀಪ ಮಾತ್ರ ಉರಿಯುತ್ತಿದ್ದರೆ ಎಷ್ಟೋ ಕಾರುಗಳ ಹಿಂಬದಿ ಕತ್ತಲಾಗಿರುತ್ತದೆ.

## ಹಂತ 11: ಜಾರಿದಾಗ, ಸಿಕ್ಕಿಬಿದ್ದಾಗ

ಮೂಗು ಜಾರಿದರೆ ಸ್ಟೇರಿಂಗ್ ಇನ್ನಷ್ಟು ತಿರುಗಿಸಬೇಡಿ. ಸ್ವಲ್ಪ ನೇರ ಮಾಡಿ, ಆಕ್ಸಿಲರೇಟರ್ ಹಗುರ ಮಾಡಿ, ಹಿಡಿತ ಬಂದ ಮೇಲೆ ತಿರುಗಿಸಿ. ಹಿಂಬದಿ ಜಾರಿದರೆ ಹೋಗಬೇಕಾದ ಕಡೆ ದೃಷ್ಟಿ ನೆಟ್ಟು ಆ ಕಡೆಗೆ ಸ್ಟೇರಿಂಗ್ ತಿರುಗಿಸಿ. ಕಾರು ಸರಿಯಾದ ಕೂಡಲೇ ಸ್ಟೇರಿಂಗ್ ವಾಪಸ್ ತರಲು ತಡಮಾಡಬೇಡಿ, ಇಲ್ಲದಿದ್ದರೆ ಇನ್ನೊಂದು ದಿಕ್ಕಿಗೆ ಬೀಸುತ್ತದೆ. ಪೂರ್ತಿ ಕೈಮೀರಿತು ಅನ್ನಿಸಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕ್ಲಚ್ ಇದ್ದರೆ ಅದನ್ನೂ. ಇದನ್ನು ಓದಿ ಕಲಿಯಲಾಗುವುದಿಲ್ಲ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ, ಆಸ್ಟ್ರಿಯಾದ ಅಂಥದೇ ಸಂಘ ಓಎಎಂಟಿಸಿ ನಡೆಸುವ ತರಬೇತಿ ಮೈದಾನಗಳಲ್ಲಿ ನೀರು ಹಾಯಿಸಿದ ಜಾರುನೆಲದ ಮೇಲೆ ನಿಮ್ಮದೇ ಕಾರಿನಲ್ಲಿ ಕಲಿಸುತ್ತಾರೆ. ಹೊಸ ಎಕ್ಸಾಸ್ಟ್ ಕೊಳ್ಳುವ ಹಣದಲ್ಲಿ ಅಲ್ಲಿಗೆ ಹೋಗಿಬನ್ನಿ.

ಟೋಯಿಂಗ್‌ಗೆ ಫೋನ್ ಮಾಡಿದಾಗ ಕಾರಿನ ಹೆಸರು, ತಗ್ಗಾದ ಕಾರು, ನಾಲ್ಕು ಚಕ್ರಕ್ಕೆ ಬಲ ಹೋಗುವುದೋ ಅಲ್ಲವೋ ಎಲ್ಲವನ್ನೂ ಹೇಳಿ, ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ. ಕಾಯುವಾಗ ಎಂಜಿನ್ ಓಡಿಸಿಕೊಂಡು ಕೂರುವುದಾದರೆ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಕೊಳವೆ ಮುಚ್ಚಿದರೆ ವಿಷಗಾಳಿ ಒಳಗೆ ಬರುತ್ತದೆ, ಅದಕ್ಕೆ ವಾಸನೆ ಇರುವುದಿಲ್ಲ.

## ಹಂತ 12: ಮನೆಗೆ ಬಂದ ಮೇಲೆ

ಉಪ್ಪು ತೊಳೆಯುವುದನ್ನು ಮುಂದೂಡಬೇಡಿ. ನೀವೇ ತೊಳೆಯುವ ಬಗೆಯ ವಾಶ್ ಬೇಗೆ ಹೋಗಿ, ಮೊದಲು ಚಕ್ರಗೂಡು, ಹೊಟ್ಟೆಯ ಭಾಗ, ಬ್ರೇಕ್‌ಗೆ ಬರೀ ನೀರು ಹೊಡೆಯಿರಿ. ಆಮೇಲೆ ಮೈ. ಚಕ್ರವನ್ನು ಹಳಿಯ ಮೇಲೆ ಎಳೆದೊಯ್ಯುವ ಆಟೋಮ್ಯಾಟಿಕ್ ವಾಶ್‌ಗೆ ಹೋಗಬೇಡಿ. ಅಗಲ ಚಕ್ರಕ್ಕೆ ಆ ಹಳಿಯ ಅಂಚು ತಾಗಿ ರಿಮ್ ಗೀರುಬೀಳುತ್ತದೆ.

ತೊಳೆದ ಮೇಲೆ ಕೆಲವು ನಿಮಿಷ ಓಡಿಸಿ, ಬ್ರೇಕ್ ಹದವಾಗಿ ಒತ್ತಿ ಒಣಗಿಸಿ. ಒದ್ದೆ ಬ್ರೇಕ್‌ನಲ್ಲಿ ನಿಲ್ಲಿಸಿದರೆ ಪ್ಯಾಡ್ ಡಿಸ್ಕಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಕಡು ಚಳಿಯಲ್ಲಿ, ಸಮತಟ್ಟಾದ ಜಾಗದಲ್ಲಿ, ಕಾರಿನಲ್ಲಿ ಸಾಧ್ಯವಿದ್ದರೆ ಹ್ಯಾಂಡ್ ಬ್ರೇಕ್ ಹಾಕದೆ ಗೇರ್‌ನಲ್ಲಿ ಅಥವಾ 'ಪಿ'ಯಲ್ಲಿ ನಿಲ್ಲಿಸಿ. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ, ಉಪ್ಪಿನ ತೇವ ಒಳಗೇ ಉಳಿಯುತ್ತದೆ.

ಈಸ್ಟರ್ ಕಳೆದು ಬೇಸಿಗೆಯ ಟೈರು ಹಾಕುವ ದಿನ, ಬಿಚ್ಚಿದ ಪ್ರತಿ ಟೈರಿನ ಮೇಲೆ ಯಾವ ಮೂಲೆಯದು ಎಂದು ಚಾಕ್‌ಪೀಸಿನಲ್ಲಿ ಬರೆದು, ಬಟನ್ ಆಳವನ್ನು ಮೂರು ಕಡೆ ಅಳೆದು ಗುರುತುಮಾಡಿಕೊಳ್ಳಿ. ಒಳಅಂಚು ಹೊರಅಂಚಿಗಿಂತ ಹೆಚ್ಚು ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ. ಆಳ 4 ಮಿ.ಮೀ.ಗಿಂತ ಕೆಳಗಿದ್ದರೆ ಅದನ್ನು ಎತ್ತಿಡುವ ಬದಲು ಅಂಗಡಿಯಲ್ಲೇ ಬಿಟ್ಟು, ಸೆಪ್ಟೆಂಬರ್‌ಗೆ ಹೊಸದು ಆರ್ಡರ್ ಮಾಡಲು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.